ಖಾರದ ಡಬ್ಬಿಯೊಳಗಿನ ಕಾರ್ಡು

ಮೊನ್ನೆ ನಮ್ಮ ಪಾಸ್ಟರು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿದರು. ಹೋದ ಹೊಸ ವರ್ಷದ ದಿನ ಎತ್ತಿಕೊಂಡ ಕಾರ್ಡುಗಳನ್ನು ಎಲ್ಲರೂ ಈ ಸಲ ವಾಪಸು ತರಬೇಕು, ಅದರಲ್ಲಿ ಬರೆದ ಹಾಗೆ ನಡೆದೆವೋ ಇಲ್ಲವೋ ಎಂದು ಎದ್ದು ನಿಂತು ಸಾಕ್ಷಿ ಹೇಳಬೇಕು. ಅಷ್ಟೇ. ದಿನಾ ಬೆಳಕು ಹರಿಯುವ ಮೊದಲೇ ಗುಲಾಬಿ ಹೂವಿನ ಮೇಲೊಂದು ವಾಕ್ಯ, ಪಾರಿವಾಳದ ಮೇಲೊಂದು ವಾಕ್ಯ ಕಳಿಸಿ ನನ್ನ ಫೋನು ತುಂಬಿಸುತ್ತಿದ್ದ ಗುಂಪು ಅವತ್ತಿನಿಂದ ಗಪ್‌ಚಿಪ್ಪಾಗಿದೆ. ಆಮೆನ್ ಅನ್ನುವವರೂ ಇಲ್ಲ, ಕೈ ಮುಗಿಯುವವರೂ ಇಲ್ಲ. ಸಿಂದಗಿಯ ವಿಶ್ವಾಸಿಗಳೆಲ್ಲ ಈಗ ಮಂಚದ ಕೆಳಗೆ, ಕಪಾಟಿನ ಹಿಂದೆ ಕಾರ್ಡು ಹುಡುಕುತ್ತಿದ್ದಾರೆ.

ನಾನು ಹುಡುಕಲಿಲ್ಲ. ನನ್ನದು ಎಲ್ಲಿದೆ ಅಂತ ನನಗೆ ಗೊತ್ತು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಒಂದು ಕಡೆ ನೆಗ್ಗಿದೆ, ಮುಚ್ಚಳದ ಮೇಲೆ 'ಮಾರ್ತವ್ವ' ಎಂದು ನಮ್ಮವ್ವನ ಹೆಸರು ಕೆತ್ತಿದೆ. ಅದಕ್ಕೀಗ ಕೆಲಸವಿಲ್ಲ, ಅದಕ್ಕೇ ನನ್ನ ಮನೆಗೆ ಬಂದು ಕೂತಿದೆ. ಎಷ್ಟು ತಿಕ್ಕಿ ತೊಳೆದಿದ್ದರೂ ಮುಚ್ಚಳ ತೆಗೆದರೆ ಮಸಾಲೆ ಖಾರದ ಘಾಟು ಇನ್ನೂ ಮೂಗಿಗೆ ಬಡಿಯುತ್ತದೆ. ತಳದಲ್ಲಿ ಕಾರ್ಡು. ಎಣ್ಣೆ ಹೀರಿ, ಖಾರ ಹತ್ತಿ, ಅಕ್ಷರವೆಲ್ಲ ಅಳಿಸಿ ಈಗ ಓದಲು ಬರುವುದು ಒಂದೇ ಪದ: ಮೊದಲು.

ಈ ಕಾರ್ಡಿನ ಸಂಗತಿ ನಿಮಗೆ ತಿಳಿಯಬೇಕಾದರೆ ನಮ್ಮ ಕ್ರೈಸ್ತರ ಹೊಸ ವರ್ಷದ ಪದ್ಧತಿಯೊಂದನ್ನು ಹೇಳಬೇಕು. ಜನವರಿ ಒಂದರ ಬೆಳಗಿನ ಆರಾಧನೆ ಮುಗಿದ ಮೇಲೆ ಒಂದು ತಾಟಿನಲ್ಲಿ ಸಣ್ಣ ಸಣ್ಣ ಕಾರ್ಡುಗಳನ್ನು ಬೋರಲು ಹಾಕಿ ಇಡುತ್ತಾರೆ. ಒಂದೊಂದರಲ್ಲೂ ದೇವರ ಒಂದೊಂದು ವಾಗ್ದಾನ. ಮನೆಗೊಬ್ಬರು ಬಂದು ಕಣ್ಣು ಮುಚ್ಚಿ ಒಂದು ಎತ್ತಬೇಕು, ಜೋರಾಗಿ ಓದಬೇಕು, ಎಲ್ಲರೂ ಆಮೆನ್ ಅನ್ನಬೇಕು. ಆ ವರ್ಷ ದೇವರು ನಮಗೆ ಕೊಡುವುದು ಅದೇ. ನಾನು ಬಸವನ ಬಾಗೇವಾಡಿಯಲ್ಲಿ ಲಂಗ ಉಟ್ಟು ಓಡಾಡುತ್ತಿದ್ದ ಕಾಲದಿಂದ ಈ ತಾಟನ್ನು ನೋಡಿದ್ದೇನೆ. ಕಣ್ಣು ಮುಚ್ಚಿ ಎತ್ತಬೇಕು ಎಂಬುದು ನಿಯಮ. ಆದರೆ ಪೂರ್ತಿ ಮುಚ್ಚಿದ ಕಣ್ಣನ್ನು ನಾನು ಒಂದು ಸಲವೂ ಕಂಡಿಲ್ಲ.

ದೇವರಿಗೂ ಒಂದೊಂದು ಸಲ ಚೇಷ್ಟೆ ಹೆಚ್ಚು. ಮನೆ ತುಂಬ ಮಕ್ಕಳಾಗುವ ವಾಗ್ದಾನ ಒಂದು ವರ್ಷ ನಮ್ಮ ಓಣಿಯ ಕಂಪೌಂಡರಿಗೆ ಬಂತು. ಆತ ಹಿಂದಿನ ವಾರವಷ್ಟೇ ಸರಕಾರಿ ದವಾಖಾನೆಯಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದಿದ್ದ. ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದವಳು ಊಟಕ್ಕೇ ಒಳಗೆ ಬಂದಳು. ಇಂಥ ಅನಾಹುತ ತಪ್ಪಿಸಲು ನಮ್ಮ ಚರ್ಚಿನ ಗುಡಿಯ ಹಿಂದಿನ ಬೇವಿನ ಗಿಡದ ಕೆಳಗೆ ಅದಲುಬದಲು ನಡೆಯುತ್ತಿತ್ತು. ಆರೋಗ್ಯದ ಕಾರ್ಡು ಕೊಟ್ಟು ಐಶ್ವರ್ಯದ ಕಾರ್ಡು ತೆಗೆದುಕೊಳ್ಳುವವರಿದ್ದರು. ತಾಳ್ಮೆಯ ಕಾರ್ಡು ಮಾತ್ರ ಯಾರಿಗೂ ಬೇಡವಾಗಿತ್ತು, ಅದನ್ನು ತಾಳ್ಮೆಯಿಂದ ಹಿಡಿದುಕೊಂಡು ನಿಂತವರಿಗೂ ಬೇಡವಾಗಿತ್ತು.

ಇನ್ನು ನಾವು ದೇವರಿಗೆ ಕೊಡುವ ವಾಗ್ದಾನಗಳ ಕತೆ ಬೇರೆ. ಈ ವರ್ಷ ಸತ್ಯವೇದ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ ಎಂದು ನಾನು ಪ್ರತಿ ವರ್ಷ ತೀರ್ಮಾನ ಮಾಡುತ್ತೇನೆ. ಸೃಷ್ಟಿ, ಜಲಪ್ರಳಯ, ಅಣ್ಣತಮ್ಮಂದಿರ ಹೊಡೆದಾಟ, ಎಲ್ಲ ಸರಾಗ ಹೋಗುತ್ತದೆ. ಗುಡಾರ ಕಟ್ಟುವ ಅಳತೆ ಬಂದಲ್ಲಿ, ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಅನ್ನುತ್ತಿರುವಾಗಲೇ ನನಗೆ ನಿದ್ದೆ. ನನ್ನ ಪುಸ್ತಕದ ಮೊದಲ ಹಾಳೆಗಳು ಮಾಸಿ ಅಂಚು ಹರಿದಿವೆ. ನಡುವಿನವು ಕೊಂಡು ತಂದ ದಿನ ಹೇಗಿದ್ದವೋ ಹಾಗೇ ಇವೆ. ನಮ್ಮ ಮನೆಯವರು ಒಂದು ವರ್ಷ ಪ್ರಾರ್ಥನೆ ಮಾಡದೆ ಚಹಾ ಕುಡಿಯುವುದಿಲ್ಲ ಎಂದು ಶಪಥ ಮಾಡಿದರು. ಚಹಾ ತಡವಾಗಲಿಲ್ಲ, ಪ್ರಾರ್ಥನೆ ಗಿಡ್ಡವಾಯಿತು. ನಾವು ಗಂಡ ಹೆಂಡತಿ ಬಸ್‌ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಅಂಗಡಿ ಇಟ್ಟಿದ್ದೇವೆ. ಜನವರಿಯ ಮೊದಲ ವಾರ ಎದೆ ಉರಿಯ ಗುಳಿಗೆಗೆ ಬರುವವರಲ್ಲಿ ಅರ್ಧ ಜನ ನಮ್ಮ ಸಭೆಯವರೇ. ಉಪವಾಸದ ತೀರ್ಮಾನ ಮಾಡಿರುತ್ತಾರೆ ಪಾಪ. ಎರಡನೇ ವಾರಕ್ಕೆ ಅವರೇ ಅಜೀರ್ಣದ ಗುಳಿಗೆ ಕೇಳುತ್ತಾರೆ.

ಇಂಥ ಸಭೆಗೆ ಹೋದ ವರ್ಷ ಗದಗಿನ ಕಡೆಯಿಂದ ಈ ಹೊಸ ಪಾಸ್ಟರು ಬಂದರು. ಇನ್ನೂ ತರುಣ, ಜನರನ್ನು ತಿದ್ದಬಹುದು ಎಂಬ ನಂಬಿಕೆ ಇರುವ ವಯಸ್ಸು. ಹೊಸ ವರ್ಷದ ಬೆಳಗ್ಗೆ ತಾಟು ಹಿಡಿದುಕೊಂಡು ಹೇಳಿದರು:

"ವರ್ಷಾ ವರ್ಷಾ ದೇವರು ನಮಗೇನು ಕೊಡತಾನ ಅಂತ ತಾಟಿನಾಗ ಕೈ ಹಾಕತೀವಿ. ಈ ವರ್ಷ ಅದು ಬ್ಯಾಡ್ರಿ. ನಾವು ಮೊದಲ ಏನು ಮಾಡಬೇಕು, ಅದನ್ನ ಬರದೇನಿ. ಒಂದೊಂದು ಮನಿಗೆ ಒಂದೊಂದು ಕೆಲಸ. ಅದನ್ನ ಮಾಡಿ, ಉಳಿದದ್ದು ಆಮ್ಯಾಲ ಕೇಳ್ರಿ."

ಬೋನಸ್ಸು ಕೊಡುತ್ತಾರೆಂದು ಕರೆದು ಓವರ್‌ಟೈಮ್ ಹೇಳಿದರೆ ಹೇಗಿರುತ್ತದೆಯೋ ಹಾಗಿತ್ತು ನಮ್ಮ ಮುಖ. ಮೊದಲು ಎದ್ದವರು ಹಿರಿಯರಾದ ಸುವಾರ್ತಪ್ಪನವರು. ಅವರಿಗೆ ಬಂದದ್ದು 'ಮೊದಲು ಕೇಳು, ಆಮೇಲೆ ಮಾತಾಡು.' ಈ ವಾಕ್ಯ ತಮಗೆ ಎಷ್ಟು ಇಷ್ಟ ಎಂಬುದರ ಬಗ್ಗೆ ಅವರು ಅಡುಗೆ ಆರಿ ತಣ್ಣಗಾಗುವವರೆಗೆ ಮಾತಾಡಿದರು. ಪಾಸ್ಟರು ಎರಡು ಸಲ ಕೆಮ್ಮಿದ್ದೂ ಅವರಿಗೆ ಕೇಳಿಸಲಿಲ್ಲ.

ನಮ್ಮ ಸರದಿ ಬಂದಾಗ ನಮ್ಮ ಮನೆಯವರು ಹೋಗಿ ಎತ್ತಿ ಓದಿದರು: 'ಮೊದಲು ಹೋಗಿ ಮುನಿಸಿಕೊಂಡವರ ಜೊತೆ ಒಂದಾಗು. ಕಾಣಿಕೆ ಆಮೇಲೆ ತಾ.' ಓದಿದವರೇ ಕೈಯಲ್ಲಿದ್ದ ಕಾಣಿಕೆಯ ಲಕೋಟೆಯನ್ನು ಮಡಿಚಿ ಕಿಸೆಗೆ ಹಾಕಿಕೊಂಡರು.

"ಆಮ್ಯಾಲ ತಾ ಅಂತ ಅಂದಾನಲ್ರಿ ದೇವರು," ಅಂದರು.

ಸುವಾರ್ತಪ್ಪನವರು ಕೂತಲ್ಲಿಂದಲೇ, "ಏಯ್, ಕಾಣಿಕಿ ಇಟ್ಟು ಹೋಗಿ ಒಂದಾಗ್ರಿ. ಎರಡೂ ನಡೀತೈತಿ," ಅಂದರು. ಅವತ್ತಿನ ಆಮೆನ್‌ಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಇದಕ್ಕೆ ಬಂದ ಆಮೆನ್.

ಮನೆಗೆ ಬಂದು ನಾವಿಬ್ಬರೂ ಕೂತು ಯೋಚನೆ ಮಾಡಿದೆವು. ನಮಗೆ ಯಾರ ಜೊತೆಗೂ ಮುನಿಸಿಲ್ಲ. ಕೆಲವರ ಮನೆಗೆ ನಾವು ಹೋಗುವುದಿಲ್ಲ, ಅವರು ನಮ್ಮ ಮನೆಗೆ ಬರುವುದಿಲ್ಲ, ಎದುರು ಬಂದರೆ ಇಬ್ಬರೂ ಫೋನು ನೋಡುತ್ತೇವೆ. ಇದಕ್ಕೆ ಮುನಿಸು ಎನ್ನಲಾಗುತ್ತದೆಯೇ? ಹಾಗಾಗಿ ಕಾರ್ಡು ನಮ್ಮದಲ್ಲ, ತಪ್ಪಿ ಬಂದಿದೆ ಎಂದು ತೀರ್ಮಾನವಾಯಿತು. ಯಾರದು ಎಂದು ಕೇಳಿಕೊಂಡ ಕೂಡಲೇ ನನಗೆ ಹೊಳೆದದ್ದು ಬಾಗೇವಾಡಿಯ ನಮ್ಮವ್ವ.

ನಮ್ಮವ್ವ ಮಾರ್ತವ್ವ, ಅವಳ ಅಕ್ಕ ಮುದ್ದೇಬಿಹಾಳದ ಎಸ್ತೇರವ್ವ. ನನಗೆ ದೊಡ್ಡವ್ವ. ಇಬ್ಬರ ನಡುವೆ ಮಾತು ನಿಂತದ್ದು ನನ್ನ ಮದುವೆಯ ದಿನ. ಇಬ್ಬರ ಮುನಿಸಿಗೂ ನನ್ನ ಹಣೆಯೇ ಕಾರಣ. ಅವ್ವ ಅದಕ್ಕೆ ಬಾಸಿಂಗ ಕಟ್ಟಿದಳು. ಗುಡಿಯಲ್ಲಿ ಬಿಳಿ ಸೀರೆ, ಪ್ರಮಾಣ, ಉಂಗುರ ಎಲ್ಲ ಆಗಿ ಮನೆಗೆ ಬಂದ ಮೇಲೆ, ನಮ್ಮ ಸೀಮೆಯ ಹೆಣ್ಣುಮಗಳಿಗೆ ಬಾಸಿಂಗವಿಲ್ಲದೆ ಮದುವೆ ಆದಂತಾಗುವುದಿಲ್ಲ ಎಂದು ಅವಳ ಆಸೆ. ದೊಡ್ಡವ್ವನ ಗಂಡ ಊರೂರು ತಿರುಗಿ ಸುವಾರ್ತೆ ಸಾರುತ್ತಿದ್ದವರು. ಆ ಮನೆಯಲ್ಲಿ ಎಲ್ಲವೂ ಕಟ್ಟುನಿಟ್ಟು.

"ವಿಶ್ವಾಸಿಗಳ ಮದುವ್ಯಾಗ ಬಾಸಿಂಗ ಯಾಕ? ಬಿಚ್ಚು," ಅಂದಳು ದೊಡ್ಡವ್ವ.

"ನನ್ನ ಮದುವ್ಯಾಗ ನೀನ ಕಟ್ಟಿದ್ದೆಲ್ಲ, ಅಕ್ಕ?" ಅಂದಳು ಅವ್ವ.

ಅಷ್ಟು ಜನರ ಎದುರು ಆ ಮಾತು ಬರಬಾರದಿತ್ತು. ಪಂಕ್ತಿ ಕೂತಿತ್ತು, ತಾಟು ಹಾಕಿತ್ತು. ದೊಡ್ಡವ್ವ ಉಣ್ಣದೆ ಎದ್ದು ಹೊರಟೇ ಬಿಟ್ಟಳು. ನಮ್ಮ ಕಡೆ ಬೈದರೆ ಮರೆಯುತ್ತಾರೆ, ಬಡಿದರೂ ಒಮ್ಮೊಮ್ಮೆ ಮರೆಯುತ್ತಾರೆ. ಮದುವೆ ಮನೆಯಿಂದ ಉಣ್ಣದೆ ಎದ್ದು ಹೋದದ್ದನ್ನು ಮರೆಯುವುದಿಲ್ಲ. ಅವ್ವ ಒಂದು ಬುಂದಿ ಉಂಡಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಓಡಿದಳಂತೆ. ಬಸ್ಸಿನ ಕಿಟಕಿಯಲ್ಲಿ ಕೈ ಎತ್ತಿ ಹಿಡಿದು, "ಬಾಯಿಗರ ಹಾಕ್ಕೊಂಡ ಹೋಗಕ್ಕ," ಅಂದಳಂತೆ. ದೊಡ್ಡವ್ವ ಮುಖ ತಿರುಗಿಸಿದಳು, ಬಸ್ಸು ಹೋಯಿತು. ಅವ್ವ ಉಂಡಿಯ ಸಮೇತ ವಾಪಸು ಬಂದಳು. ಆಮೇಲೆ ಅವಳು ನಮ್ಮ ಮನೆಯಲ್ಲಿ ಬುಂದಿ ಕಾಳು ಕರಿಯಲೇ ಇಲ್ಲ. ತನ್ನ ಅಕ್ಕ ತನ್ನ ಮನೆಯಲ್ಲಿ ಒಂದು ತುತ್ತು ಉಣ್ಣಬೇಕು ಎಂಬ ಆಸೆಯೊಂದು ಅವಳಲ್ಲಿ ಉಳಿಯಿತು. ಹಬ್ಬ ಬಂದಾಗಲೆಲ್ಲ ಆ ಮಾತು ಬಾಯಿಗೆ ಬರುತ್ತಿತ್ತು, ಮುದ್ದೇಬಿಹಾಳದ ಬಸ್ಸು ಮಾತ್ರ ಹತ್ತುತ್ತಿರಲಿಲ್ಲ. ತಾನೇ ಹೋದರೆ ಬಾಸಿಂಗ ತಪ್ಪೆಂದು ಒಪ್ಪಿದಂತಾಗುತ್ತದಲ್ಲ.

ಇಬ್ಬರೂ ಪ್ರಾರ್ಥನೆಯನ್ನು ಮಾತ್ರ ಬಿಟ್ಟಿರಲಿಲ್ಲ. ಅಕ್ಕನ ಕಲ್ಲು ಮನಸ್ಸು ಕರಗಲಿ ಎಂದು ತಂಗಿ, ತಂಗಿ ತಪ್ಪು ತಿಳಿದು ತಿರುಗಿಕೊಳ್ಳಲಿ ಎಂದು ಅಕ್ಕ, ದಿನಾ ಬೆಳಗ್ಗೆ ಎರಡು ಊರಿನಿಂದ ಮೇಲಕ್ಕೆ ಅರ್ಜಿ ಹೋಗುತ್ತಿತ್ತು.

ನಾನು ಬಾಗೇವಾಡಿಗೆ ಹೋಗಿ ಕಾರ್ಡನ್ನು ಅವ್ವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಕಣ್ಣು ಒದ್ದೆಯಾದವು. ನನ್ನ ಕೆಲಸ ಆಯಿತು ಎಂದುಕೊಂಡೆ.

"ಎಷ್ಟು ಚಂದ ಬರದಾರವ್ವ," ಅಂದಳು. "ಅಗದೀ ನಿಮ್ಮ ದೊಡ್ಡವ್ವಗ ಬರದಂಗ ಐತಿ. ಅಕಿಗೆ ಕಳಸಬೇಕು ಇದನ್ನ."

"ಅವ್ವ, ಇದು ನಿನಗ ಅಂತ ತಂದೇನಿ."

"ನನಗ್ಯಾಕ? ಎದ್ದು ಹೋದಾಕಿ ಅಕಿ. ಮುನಿಸಿಕೊಂಡಾಕಿ ಅಕಿ. ನಾ ಉಂಡಿ ಹಿಡಕೊಂಡು ಓಡಿದಾಕಿ."

ಹಾಗಂತ ಬರೀ ಕಾರ್ಡು ಕಳಿಸಿದರೆ ಜಗಳಕ್ಕೆ ಕಳಿಸಿದಂತಾಗುತ್ತದೆ ಎಂದು ಅವ್ವನಿಗೆ ಅನಿಸಿತು. ಆಗಷ್ಟೇ ಕುಟ್ಟಿಸಿ ತಂದ ಮಸಾಲೆ ಖಾರವನ್ನು ಈ ಸ್ಟೀಲಿನ ಡಬ್ಬಿಗೆ ಒತ್ತಿ ಒತ್ತಿ ತುಂಬಿ, ಮೇಲೆ ಕಾರ್ಡು ಇಟ್ಟು ಮುಚ್ಚಳ ಹಾಕಿದಳು. ಒಯ್ಯಲಿಕ್ಕೆ ಮೈಬೂಬಸಾಬ್ ಕಾಕಾ ಇದ್ದ. ತಾಳಿಕೋಟೆಯವನು, ಸಂತೆಯಿಂದ ಸಂತೆಗೆ ಚಾದರ, ಪಡದೆ ಬಟ್ಟೆ ಮಾರುವವನು. ಬಾಗೇವಾಡಿಯಲ್ಲೂ ಮುದ್ದೇಬಿಹಾಳದಲ್ಲೂ ಅವನಿಗೆ ನಮ್ಮವರ ಮನೆಯ ಚಹಾ ಗೊತ್ತು. ಇಬ್ಬರನ್ನೂ ಅವನು ಅಕ್ಕಾ ಅಂತಲೇ ಕರೆಯುತ್ತಾನೆ.

ಮುಂದಿನ ಸಂತೆಗೆ ಡಬ್ಬಿ ವಾಪಸು ಬಂದಾಗ ನಾನು ಮತ್ತೆ ಬಾಗೇವಾಡಿಯಲ್ಲೇ ಇದ್ದೆ. ಕಾರ್ಡು ಒಳಗೇ ಇತ್ತು. ದೊಡ್ಡವ್ವ ಓದಿ, "ಇದು ಮಾರ್ತಾಗ ಬಂದದ್ದು. ಅಕಿ ಪಾಲಿನ ವಾಕ್ಯ ನಾ ಯಾಕ ಇಟಗೊಳ್ಳಲಿ?" ಎಂದು ತಿರುಗಿ ಕಳಿಸಿದ್ದಳು. ಆದರೆ ನಮ್ಮ ಸೀಮೆಯಲ್ಲಿ ಒಂದು ರೂಢಿ ಇದೆ. ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು. ವೈರಿಯ ಡಬ್ಬಿಯಾದರೂ ಸರಿ, ಒಂದು ಹಿಡಿ ಏನಾದರೂ ಹಾಕಿ ಕಳಿಸಬೇಕು. ಹತ್ತು ಆಜ್ಞೆಗಳಲ್ಲಿ ಇದಿಲ್ಲ, ಆದರೆ ಆ ಹತ್ತನ್ನು ಮುರಿದವರು ನಮ್ಮಲ್ಲಿ ಸಿಗುತ್ತಾರೆ, ಇದನ್ನು ಮುರಿದವರು ಸಿಗುವುದಿಲ್ಲ. ದೊಡ್ಡವ್ವ ಕಾರ್ಡಿನ ಕೆಳಗೆ ಡಬ್ಬಿ ತುಂಬ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿದ್ದಳು.

ಜೊತೆಗೊಂದು ಮಾತನ್ನೂ ಕಳಿಸಿದ್ದಳು. ಕಾಕಾ ಚಾದರದ ಗಂಟು ಇಳಿಸಿ ಹೇಳಿದ: "ಖಾರದಾಗ ಉಪ್ಪು ಹೆಚ್ಚಾಗೇತಿ ಅಂತ ಹೇಳಂದ್ರು."

ಅವ್ವ ಬೆಂಕಿಯಾಗುತ್ತಾಳೆ ಎಂದುಕೊಂಡೆ. ಅವಳು ನಿಂತಲ್ಲೇ ನಿಂತು ಮೆಲ್ಲಗೆ ಕೇಳಿದಳು: "ತಿಂದಳ ಹಂಗಾದ್ರ?"

"ತಿನ್ನಲಾರದ ಉಪ್ಪು ಹೆಂಗ ಗೊತ್ತಾಗತೈತಿ ಅಕ್ಕಾ?"

ಅವ್ವ ಅಡುಗೆಮನೆಗೆ ಹೋದಳು. ನೀರು ತರಲು ಹೋದವಳು ಬಹಳ ಹೊತ್ತು ಬರಲಿಲ್ಲ, ಬಂದಾಗ ಕೈಯಲ್ಲಿ ನೀರಿರಲಿಲ್ಲ. ಇಷ್ಟು ವರ್ಷ ಈ ಇಬ್ಬರು ಮುದುಕಿಯರ ಮುನಿಸನ್ನು ನಾನು ನಗೆಯ ವಿಷಯ ಮಾಡಿಕೊಂಡು ಎಲ್ಲರಿಗೂ ಹೇಳುತ್ತಿದ್ದೆ.

ಆಮೇಲೆ ಡಬ್ಬಿಗೆ ಬಿಡುವು ಸಿಗಲಿಲ್ಲ. ಶೇಂಗಾ ಹಿಂಡಿ ಮುಗಿದ ಮೇಲೆ ಅದನ್ನು ಖಾಲಿ ಇಡಲಾಗುತ್ತದೆಯೇ? ಉಪ್ಪು ಕಡಿಮೆ ಹಾಕಿದ ಹೊಸ ಖಾರ ಹೋಯಿತು. ಅಗಸಿ ಹಿಂಡಿ ಬಂತು. ಕರದಂಟು ಹೋಯಿತು. ಹಪ್ಪಳ ಬಂತು, ಡಬ್ಬಿಯಲ್ಲಿ ಹಿಡಿಸಲೆಂದು ಮುರಿದೇ ಹಾಕಿದ್ದಳು. ಪ್ರತಿ ಸಲವೂ ಕಾರ್ಡು ಒಳಗೆ, ಪ್ರತಿ ಸಲವೂ ಅದು ಇನ್ನೊಬ್ಬರದು. ನಡುವೆ ಒಮ್ಮೆ ಅವ್ವನಿಗೆ ಇದು ತಮ್ಮಿಬ್ಬರದೂ ಅಲ್ಲ, ಇಂಡಿಯಲ್ಲಿರುವ ತಮ್ಮನದು ಎಂದು ಜ್ಞಾನೋದಯವಾಯಿತು. ಅವತ್ತು ಮದುವೆಯಲ್ಲಿ ನಡುವೆ ನಿಂತು ತಡೆಯಬೇಕಾದವನು ಅವನೇ ಅಲ್ಲವೇ ಎಂದು ಕಾರ್ಡನ್ನು ಇಂಡಿಗೆ ಕಳಿಸಿದಳು. ನಮ್ಮ ಸೋದರಮಾವ ಲಿಂಬೆ ವ್ಯಾಪಾರಿ, ಎರಡೂ ತಕ್ಕಡಿ ಸಮ ಹಿಡಿಯುವವನು. "ಇಬ್ಬರೂ ನನಗ ಅಕ್ಕದೇರ, ನನ್ನ ನಡುವ ತರಬ್ಯಾಡ್ರಿ," ಎಂದು ಡಬ್ಬಿ ತುಂಬ ಲಿಂಬೆಕಾಯಿ ಉಪ್ಪಿನಕಾಯಿ ಹಾಕಿ ಕಾರ್ಡಿನ ಸಮೇತ ಮುದ್ದೇಬಿಹಾಳಕ್ಕೆ ದಾಟಿಸಿಬಿಟ್ಟ. ಕಾರ್ಡಿನ ಅಕ್ಷರ ಕರಗಿದ್ದು ಆ ಉಪ್ಪಿನಕಾಯಿಯಲ್ಲೇ. ಒಂದು ಪುಟ್ಟ ಆಜ್ಞೆ ಪಾಲಿಸುವ ಬದಲು ನಾವು ಅದನ್ನು ನಾಲ್ಕು ತಾಲೂಕು ತಿರುಗಿಸಿದೆವು. ನಮ್ಮ ಜನ ಉಪದೇಶವನ್ನು ಎಂದೂ ಬಿಸಾಡುವುದಿಲ್ಲ ನೋಡಿ, ಜೋಪಾನವಾಗಿ ಇನ್ನೊಬ್ಬರಿಗೆ ಮುಟ್ಟಿಸುತ್ತೇವೆ.

ಇಷ್ಟಾದರೂ ದೊಡ್ಡವ್ವ ಬರುತ್ತೇನೆ ಅನ್ನಲಿಲ್ಲ. "ಹಿಂಡಿ, ಖಾರ ಅಂದ್ರ ಊಟ ಅಲ್ಲ, ನಾಲಿಗಿಗೆ ಹಚ್ಚೂದು ಅಷ್ಟ," ಎಂದು ಕಾಕಾನ ಮುಂದೆ ಹೇಳಿದ್ದಳಂತೆ. ಅವ್ವನೂ ಬಾ ಅಂತ ಬಾಯಿಬಿಟ್ಟು ಹೇಳಿ ಕಳಿಸಲಿಲ್ಲ. ಕೊನೆಗೆ ಬೇಸತ್ತವನು ಕಾಕಾ. ಒಂದು ಸಂತೆಯ ದಿನ ನಮ್ಮವ್ವನ ಪಡಸಾಲೆಯಲ್ಲಿ ಕೂತು ಚಹಾದ ಬಟ್ಟಲು ಕೆಳಗಿಟ್ಟು ಅಂದ:

"ಅಕ್ಕಾ, ನೀವೂ ದಿನಾ ದುವಾ ಮಾಡ್ತೀರಿ, ಅವರೂ ದಿನಾ ದುವಾ ಮಾಡ್ತಾರ. ಒಬ್ಬರು ಹಿಂಗ ಎಳೀತೀರಿ, ಒಬ್ಬರು ಹಂಗ ಎಳೀತೀರಿ. ದೇವರಿಗೂ ತಲಿ ತಿರಗತಿರಬೇಕು. ನನಗಂತೂ ತಿರಗಾಕತ್ತೈತಿ. ಈ ಡಬ್ಬಿ ಇನ್ನ ನಾ ಒಯ್ಯಂಗಿಲ್ಲ."

"ಹಂಗಂದ್ರ ಹೆಂಗ ಮೈಬೂಬಸಾಬ್? ಅಕಿ ಡಬ್ಬಿ ತುಂಬಿ ಕಳಿಸ್ಯಾಳ. ನಾ ತಿರುಗಿ ಕಳಸಬೇಕಲ?"

"ಇದೊಂದು ಸಲ ಒಯ್ತೇನಿ. ಆದ್ರ ಹೇಳಿ ಬರ್ತೇನಿ ಅವರಿಗೆ, ಇದಾದ ಮ್ಯಾಲ ಬ್ಯಾರೆ ಯಾರನ್ನರ ನೋಡಿಕೋರಿ ಅಂತ."

ಅವ್ವ ಅವತ್ತು ಖಾರ ತುಂಬುವಾಗ ಅವಳ ಕೈ ನಿಧಾನವಾಗಿತ್ತು ಎಂದು ಆಮೇಲೆ ಕಾಕಾನೇ ನನಗೆ ಹೇಳಿದ. ಡಬ್ಬಿ ಹೋಯಿತು. ಒಂದು ಸಂತೆ ಕಳೆಯಿತು, ಇನ್ನೊಂದು ಕಳೆಯಿತು, ವಾಪಸು ಬರಲಿಲ್ಲ. ನಾನು ಫೋನು ಮಾಡಿದಾಗಲೆಲ್ಲ ಅವ್ವ ಮೊದಲು ಅದನ್ನೇ ಹೇಳುತ್ತಿದ್ದಳು. "ಡಬ್ಬಿ ಬರಲಿಲ್ಲವ್ವ. ಮುಗೀತು ಅಂತ ಕಾಣತೈತಿ." ಇಲ್ಲಿ ಸಿಂದಗಿಯ ಸಭೆಯಲ್ಲಿ ಪಾಸ್ಟರು ಆ ಹೊತ್ತಿಗೆ ಕಾರ್ಡುಗಳ ಮಾತೇ ಬಿಟ್ಟಿದ್ದರು. ಸುವಾರ್ತಪ್ಪನವರು ತಮ್ಮ ಕಾರ್ಡನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು, ಬಂದವರಿಗೆಲ್ಲ ಅದರ ಅರ್ಥ ವಿವರಿಸುತ್ತಿದ್ದರು.

ತೊಗರಿ ಹೂ ಬಿಟ್ಟ ಕಾಲಕ್ಕೆ ಮನಸ್ಸು ತಡೆಯದೆ ಅಂಗಡಿಯನ್ನು ಮನೆಯವರಿಗೆ ಒಪ್ಪಿಸಿ ಬಾಗೇವಾಡಿ ಬಸ್ಸು ಹತ್ತಿದೆ. ಹೂವಿನ ಹಿಪ್ಪರಗಿ ದಾಟುವವರೆಗೂ ಅವ್ವನಿಗೆ ಏನು ಸಮಾಧಾನ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಕ್ಷಮೆ, ತಾಳ್ಮೆ, ದೇವರ ಸಮಯ, ನಾವು ಇನ್ನೊಬ್ಬರ ಕಷ್ಟಕ್ಕೆ ಹೇಳುವ ಎಲ್ಲ ಮಾತೂ ತಯಾರಾಗಿದ್ದವು. ಹೋಗಿ ಒಂದನ್ನೂ ಹೇಳಲಾಗಲಿಲ್ಲ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು, ಹಸನಾದ ಜೋಳವನ್ನೇ ಮತ್ತೆ ಹಸನು ಮಾಡುತ್ತಿದ್ದಳು.

ಮಧ್ಯಾಹ್ನದ ರೊಟ್ಟಿಗೆ ಹಂಚು ಇಡುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಸಪ್ಪಳವಾಯಿತು. ಬಿಳಿ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ಹೊಸ್ತಿಲಿನ ಆಚೆ ದೊಡ್ಡವ್ವ ನಿಂತಿದ್ದಳು. ಕಂಕುಳಲ್ಲಿ ಈ ಡಬ್ಬಿ. ನನ್ನನ್ನು ನೋಡಲಿಲ್ಲ, ತಂಗಿಯನ್ನೇ ನೋಡುತ್ತಿದ್ದಳು. ಅವ್ವನ ಕೈಯಿಂದ ಮೊರ ಜಾರಿ ಜೋಳ ಚೆಲ್ಲಿತು, ಯಾರೂ ಬಗ್ಗಿ ಆರಿಸಲಿಲ್ಲ.

ದೊಡ್ಡವ್ವ ಒಳಗೆ ಬಂದು ಡಬ್ಬಿಯನ್ನು ಅವ್ವನ ಮುಂದೆ ಇಟ್ಟು ಮುಚ್ಚಳ ತೆಗೆದಳು. ತಿಕ್ಕಿ ತೊಳೆದು ಥಳಥಳ ಹೊಳೆಯುತ್ತಿತ್ತು. ಒಳಗೆ ಆ ಕಾರ್ಡು ಬಿಟ್ಟರೆ ಏನೂ ಇರಲಿಲ್ಲ.

"ಖಾಲಿ ತಂದೇನಿ," ಅಂದಳು.

ಅವ್ವ ಡಬ್ಬಿಯೊಳಗೆ ಇಣುಕಿ ನೋಡಿದಳು.

"ಅವತ್ತ ಬಸ್ಸಿನ ಕಿಡಕ್ಯಾಗ ಹಿಡದಿದ್ದೆಲ್ಲ, ಆ ಉಂಡಿ ಹಾಕು ಅದರಾಗ."

ಅವ್ವ ನನ್ನ ಕಡೆ ಕೈ ತೋರಿಸಿದಳು. "ಅದನ್ನ ಈಕಿ ಅವತ್ತ ತಿಂದಾಳಕ್ಕ. ಬಾಸಿಂಗ ಕಟಗೊಂಡ, ಮೂಲ್ಯಾಗ ಕುಂತು."

ಇಬ್ಬರೂ ನನ್ನನ್ನು ನೋಡಿದರು. ಮದುಮಗಳಿಗೆ ಹಸಿವಾಗಬಾರದೇ?

ದೊಡ್ಡವ್ವ ಗೋಡೆಗೆ ಆನಿಕೊಂಡು ಕಾಲು ಚಾಚಿ ಕೂತಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು, ಕಣ್ಣು ಒರೆಸಿಕೊಳ್ಳದೆಯೇ ಹಂಚು ಇಳಿಸಿ ಎಣ್ಣೆಯ ಬಾಣಲೆ ಒಲೆಯ ಮೇಲೆ ಇಟ್ಟಳು.

"ಹೊತ್ತಾಗತೈತಕ್ಕ," ಅಂದಳು. "ಕಡ್ಲಿ ಹಿಟ್ಟು ಈಗ ಜರಡಿ ಹಿಡೀಬೇಕು."

"ಆಗಲಿ," ಅಂದಳು ದೊಡ್ಡವ್ವ. "ಉಂಡ ಹೋಗಾಕ ಬಂದೇನಿ."